ಬಾಯಿಲೆಕ್ಕ, ಹಾಳೆಲೆಕ್ಕ, ನಮ್ಮವರ ಲೆಕ್ಕ

ಒಂದು ಕೊಡೆ, ಒಂದು ಪೆನ್ನು ಎರಡೂ ಸೇರಿ 110 ರೂಪಾಯಿ. ಪೆನ್ನಿಗಿಂತ ಕೊಡೆಗೆ 100 ರೂಪಾಯಿ ಹೆಚ್ಚು. ಪೆನ್ನಿಗೆಷ್ಟು?

ಹತ್ತು ಎಂದು ನಾಲಿಗೆ ತುದಿಗೆ ಬಂದಿದ್ದರೆ ನಾಚಿಕೊಳ್ಳಬೇಕಿಲ್ಲ. ಪೆನ್ನಿಗೆ ಹತ್ತಾದರೆ ಕೊಡೆಗೆ 110 ಆಗಿ ಒಟ್ಟು 120 ಆಗುತ್ತದೆ, ಸರಿಯುತ್ತರ ಐದು. ಶೇನ್ ಫ್ರೆಡರಿಕ್ ಎಂಬ ಸಂಶೋಧಕರು 2005ರಲ್ಲಿ ಪ್ರಕಟಿಸಿದ ಬ್ಯಾಟು-ಚೆಂಡಿನ ಲೆಕ್ಕಕ್ಕೆ ನಾನು ಹಾಕಿದ ಊರಿನ ವೇಷ ಇದು. ಹಾರ್ವರ್ಡ್, ಎಂಐಟಿ, ಪ್ರಿನ್ಸ್‌ಟನ್ ವಿದ್ಯಾರ್ಥಿಗಳಲ್ಲೂ ಅರ್ಧಕ್ಕಿಂತ ಹೆಚ್ಚು ಮಂದಿ ಇದರಲ್ಲಿ ಎಡವಿದರು ಎಂದು ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನ್‌ಮನ್ ಬರೆದಿದ್ದಾರೆ. ಅವರಿಗೆ ಗಣಿತ ಬಾರದೆ ಇರಲಿಲ್ಲ. ಉತ್ತರ ತಾನಾಗಿ ಬಂದು ನಿಂತಿದ್ದರಿಂದ ಲೆಕ್ಕ ಮಾಡಬೇಕು ಎಂದೇ ಅವರಿಗೆ ಅನ್ನಿಸಲಿಲ್ಲ, ಅಷ್ಟೆ.

ನಮ್ಮ ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರು ಮೊದಲು ಬಾಯಿಲೆಕ್ಕ ಕೇಳುತ್ತಿದ್ದರು, ಆಮೇಲೆ ಸ್ಲೇಟು ಹಿಡಿಸುತ್ತಿದ್ದರು. ಕಾನ್‌ಮನ್ 2011ರ ತಮ್ಮ ಪುಸ್ತಕದಲ್ಲಿ ವೇಗದ ಯೋಚನೆ, ನಿಧಾನದ ಯೋಚನೆ ಎಂದು ಎರಡು ಬಗೆ ಹೇಳಿದ್ದನ್ನು ನಾನು ಈ ಹಳೆಯ ಹೆಸರಿನಿಂದಲೇ ಕರೆಯುತ್ತೇನೆ. ತಾನಾಗಿ, ಸಲೀಸಾಗಿ, ಮುಖ ನೋಡಿ ಧ್ವನಿ ಕೇಳಿ ತೀರ್ಮಾನಿಸುವುದು ಬಾಯಿಲೆಕ್ಕ. ಕೂತು, ಬೆವರಿ, ಕೂಡಿ ಕಳೆದು ಮಾಡುವುದನ್ನು ಹಾಳೆಲೆಕ್ಕ ಎಂದಿಟ್ಟುಕೊಳ್ಳೋಣ. ರಾಜಕೀಯದ ಮಾತು ಬಂದಾಗ ಇವೆರಡೇ ಸಾಲವು. ಮೂರನೆಯದೊಂದಿದೆ, ಅದನ್ನು ಮೊದಲು ನಾನು ನೋಡಿದ್ದು ನಮ್ಮ ಸೋದರಮಾವನಲ್ಲಿ.

ಅಡಿಕೆ ವ್ಯಾಪಾರದಲ್ಲಿ ಅವರು ಭಾರಿ ನಿಗಾ. ಕ್ವಿಂಟಾಲಿಗೆ ಎಷ್ಟು, ತೂಕದಲ್ಲಿ ಎಷ್ಟು ಹೋಯಿತು, ಹಮಾಲಿ ಎಷ್ಟು ಎಂದು ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ ಪೈಸೆ ಬಿಡದೆ ಬರೆಯುವವರು. ಅವರ ಪಕ್ಷದ ಸರ್ಕಾರ ತೆರಿಗೆ ಏರಿಸಿದರೆ ಮಾತ್ರ ಅದೇ ಮನುಷ್ಯ ‘ದೇಶ ನಡೆಯಬೇಕಲ್ಲ ಮಾರಾಯ’ ಎನ್ನುತ್ತಾರೆ. ಎದುರು ಪಕ್ಷದವರು ಅಷ್ಟೇ ಏರಿಸಿದರೆ ಕ್ಯಾಲೆಂಡರು ಮತ್ತೆ ಕೆಳಗಿಳಿಯುತ್ತದೆ. ಇದನ್ನು ಒಪ್ಪಿದರೆ ನಮ್ಮವರ ನಡುವೆ ನನ್ನ ಗತಿಯೇನು ಎಂದು ಒಳಗೊಳಗೇ ಕೂಡಿ ಕಳೆಯುವ ಈ ಬಗೆಗೆ ನಮ್ಮವರ ಲೆಕ್ಕ ಎಂಬ ಹೆಸರು ಸಾಕು.

ಚುನಾವಣಾ ಪ್ರಚಾರ ಎಂದರೆ ವಾದ ಮಾಡಿ ಮತದಾರನ ಅಭಿಪ್ರಾಯ ಬದಲಿಸುವುದು ಎಂದು ನಾವು ತಿಳಿದಿದ್ದೇವೆ. ನುರಿತ ಪ್ರಚಾರಕರು ಆ ಗೋಜಿಗೆ ಹೋಗುವುದು ಅಪರೂಪ. ಈ ಮೂರರಲ್ಲಿ ಯಾವ ಲೆಕ್ಕ ಎಚ್ಚರಾಗಬೇಕು, ಯಾವುದು ಮಲಗಿರಬೇಕು ಎಂದು ಅವರು ಗೊತ್ತು ಮಾಡುತ್ತಾರೆ. ಉಳಿದದ್ದನ್ನು ನಾವೇ ಮಾಡಿಕೊಳ್ಳುತ್ತೇವೆ.

ವಿನಿಮಯ ದರಕ್ಕಾಗಿ ಯಾರು ನಡೆಯುತ್ತಾರೆ?

1930ರ ಜನವರಿ ಕೊನೆಯಲ್ಲಿ ಗಾಂಧೀಜಿ ತಮ್ಮ ‘ಯಂಗ್ ಇಂಡಿಯಾ’ ಪತ್ರಿಕೆಯಲ್ಲಿ ಹನ್ನೊಂದು ಬೇಡಿಕೆಗಳನ್ನು ಪ್ರಕಟಿಸಿದರು. ಭೂಕಂದಾಯ ಅರ್ಧಕ್ಕೆ ಇಳಿಯಬೇಕು, ಸೈನ್ಯದ ಖರ್ಚು ಕಡಿಮೆಯಾಗಬೇಕು, ಪಾನನಿಷೇಧ ಬರಬೇಕು. ರೂಪಾಯಿಯ ವಿನಿಮಯ ದರ ಒಂದು ಶಿಲಿಂಗ್ ನಾಲ್ಕು ಪೆನ್ಸಿಗೆ ಬರಬೇಕು ಎಂಬುದೂ ಆ ಪಟ್ಟಿಯಲ್ಲಿತ್ತು. ಗಿರಣಿ ಮಾಲೀಕರಿಗೆ, ರಫ್ತುದಾರರಿಗೆ ಅದು ಜೀವನ್ಮರಣದ ಪ್ರಶ್ನೆ. ಹಾಳೆಯ ಮೇಲೆ ಲೆಕ್ಕ ಹಾಕಿದರೆ ದೇಶದ ಆರ್ಥಿಕತೆಗೆ ಉಪ್ಪಿನ ತೆರಿಗೆಗಿಂತ ದೊಡ್ಡ ಪೆಟ್ಟು ಕೊಡುತ್ತಿದ್ದದ್ದು ವಿನಿಮಯ ದರವೇ ಎಂದು ವಾದಿಸುವವರು ಅಂದೂ ಇದ್ದರು.

ಆದರೆ ಆ ಪಟ್ಟಿಯಿಂದ ಗಾಂಧೀಜಿ ಎತ್ತಿಕೊಂಡದ್ದು ಉಪ್ಪನ್ನು. ಕಾಂಗ್ರೆಸ್ಸಿನ ಹಲವು ಹಿರಿಯರಿಗೇ ಇದು ತಮಾಷೆಯಾಗಿ ಕಂಡಿತು. ವೈಸರಾಯ್ ಇರ್ವಿನ್ ಕೂಡ ಉಪ್ಪಿನ ಚಳವಳಿಯಿಂದ ತಮ್ಮ ನಿದ್ದೆಯೇನೂ ಕೆಡುತ್ತಿಲ್ಲ ಎಂಬ ಅರ್ಥದಲ್ಲಿ ಲಂಡನ್ನಿಗೆ ಬರೆದರು. ಎರಡೂ ಕಡೆಯವರು ಹಾಳೆಲೆಕ್ಕದಲ್ಲೇ ಯೋಚಿಸುತ್ತಿದ್ದರು.

ಉಪ್ಪಿಗೆ ಬಾಯಿಲೆಕ್ಕ ಸಾಕು. ಅದಕ್ಕೆ ವಿವರಣೆ ಬೇಡ, ಅಕ್ಷರ ಬೇಡ. ಸಮುದ್ರ ದೇವರದು, ಉಪ್ಪು ತಾನಾಗಿ ಆಗುವಂಥದು, ಅದನ್ನು ಮುಟ್ಟಿದರೆ ಜೈಲು ಎಂದರೆ ಎಂಟು ವರ್ಷದ ಮಗುವಿಗೂ ಅನ್ಯಾಯ ಎನ್ನಿಸುತ್ತದೆ. ನಮ್ಮವರ ಲೆಕ್ಕಕ್ಕೂ ಅದು ಕೂಡಿಬರುತ್ತದೆ: ಹಿಂದೂ ಮುಸ್ಲಿಂ, ಮೇಲು ಕೀಳು, ಬಡವ ಬಲ್ಲಿದ ಯಾರ ಅಡುಗೆಮನೆಯೂ ಉಪ್ಪಿಲ್ಲದೆ ಇರಲಾರದು, ‘ನಮ್ಮವರು’ ಎಂಬ ಗೆರೆಯನ್ನು ಬ್ರಿಟಿಷರನ್ನು ಹೊರಗಿಟ್ಟು ಎಳೆದಂತಾಯಿತು. ನಮ್ಮ ಭಾಷೆಯ ಕಡೆಯಿಂದ ಇನ್ನೊಂದು ಮಾತು ಸೇರಿಸಬಹುದು. ಉಂಡ ಮನೆಗೆ ಎರಡು ಬಗೆಯಬಾರದು, ಉಪ್ಪಿನ ಋಣ ತೀರಿಸಬೇಕು ಎನ್ನುವ ಜನ ನಾವು. ಯಾರ ಉಪ್ಪು ತಿನ್ನುತ್ತೇವೆ ಎಂಬ ಪ್ರಶ್ನೆ ಎದ್ದರೆ ಯಾರಿಗೆ ನಿಷ್ಠೆ ಎಂಬ ಪ್ರಶ್ನೆಯೂ ಅದರ ಹಿಂದೆಯೇ ಏಳುತ್ತದೆ.

ಮಾರ್ಚ್ 12ಕ್ಕೆ ಸಾಬರಮತಿಯಿಂದ ಹೊರಟ ನಡಿಗೆ ಸುಮಾರು 385 ಕಿಲೋಮೀಟರ್ ಸಾಗಿ ಏಪ್ರಿಲ್ 6ರ ಬೆಳಿಗ್ಗೆ ದಂಡಿಯ ಕಡಲಲ್ಲಿ ಒಂದು ಹಿಡಿ ಉಪ್ಪಾಯಿತು. ವಾರ ಕಳೆಯುವಷ್ಟರಲ್ಲಿ, ಏಪ್ರಿಲ್ 13ರಂದು, ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ನಮ್ಮ ಅಂಕೋಲೆಯಲ್ಲೂ ಉಪ್ಪಿನ ಸತ್ಯಾಗ್ರಹ ನಡೆಯಿತು.

ಗಾಂಧಿಗೆ ಹಾಳೆಲೆಕ್ಕ ಬರುತ್ತಿರಲಿಲ್ಲ ಎಂದು ಮಾತ್ರ ಭಾವಿಸಬೇಡಿ. ಹೊರಡುವ ಹತ್ತು ದಿನ ಮುಂಚೆ, ಮಾರ್ಚ್ 2ರಂದು, ಇರ್ವಿನ್‌ಗೆ ಬರೆದ ಪತ್ರದಲ್ಲಿ ಅವರು ವೈಸರಾಯರ ಸಂಬಳವನ್ನೇ ಎತ್ತಿದರು. ತಿಂಗಳಿಗೆ 21 ಸಾವಿರ ರೂಪಾಯಿ ಎಂದು ಬರೆದು ನಿಲ್ಲಿಸಬಹುದಿತ್ತು. ಅದನ್ನು ದಿನಕ್ಕೆ 700 ರೂಪಾಯಿ ಎಂದು ಮುರಿದರು. ಪಕ್ಕದಲ್ಲಿ ಭಾರತೀಯನ ಸರಾಸರಿ ಆದಾಯ ದಿನಕ್ಕೆ ಎರಡಾಣೆಗೂ ಕಡಿಮೆ ಎಂದು ಇಟ್ಟರು. ಐದು ಸಾವಿರ ಪಟ್ಟಿಗೂ ಮಿಗಿಲು ಎಂದು ಭಾಗಾಕಾರವನ್ನೂ ಮುಗಿಸಿಕೊಟ್ಟರು. ಓದುವವನಿಗೆ ಮಾಡಲು ಉಳಿದದ್ದು ಬೆಚ್ಚಿಬೀಳುವ ಕೆಲಸ ಮಾತ್ರ. ಹಾಳೆಲೆಕ್ಕವನ್ನು ಬಾಯಿಲೆಕ್ಕಕ್ಕೆ ಇಳಿಸುವ ಈ ಕಸುಬನ್ನು ಆ ವಕೀಲರಷ್ಟು ಚೆನ್ನಾಗಿ ಮಾಡಿದವರನ್ನು ನಾನು ಕಂಡಿಲ್ಲ.

ಭಾಗ್ಯ ಗ್ಯಾರಂಟಿಯಾದದ್ದು

ಒಂದೇ ವಸ್ತುವಿಗೆ ಬೇರೆ ಬೇರೆ ಹೆಸರಿಟ್ಟರೆ ಬೇರೆ ಬೇರೆ ಲೆಕ್ಕ ಏಳುತ್ತದೆ ಎಂಬುದನ್ನು ಕಾನ್‌ಮನ್ ಮತ್ತು ಅವರ ಜೊತೆಗಾರ ಏಮಸ್ ಟ್ವೆರ್ಸ್ಕಿ 1981ರಲ್ಲಿ ತೋರಿಸಿಕೊಟ್ಟರು. 600 ಜನ ಸಾಯಬಹುದಾದ ಒಂದು ರೋಗ ಬಂದಿದೆ. ಈ ಕ್ರಮ ಕೈಗೊಂಡರೆ 200 ಜನ ಬದುಕುತ್ತಾರೆ, ಇಲ್ಲವೇ ಅದೃಷ್ಟದ ಮೇಲೆ ಬಿಡಬಹುದು ಎಂದಾಗ ಶೇ. 72ರಷ್ಟು ಮಂದಿ ಆ ಖಚಿತ ಕ್ರಮವನ್ನೇ ಆರಿಸಿದರು. ಅದೇ ಕ್ರಮವನ್ನು 400 ಜನ ಸಾಯುತ್ತಾರೆ ಎಂದು ಇನ್ನೊಂದು ಗುಂಪಿಗೆ ಹೇಳಿದಾಗ ಆರಿಸಿದವರು ಶೇ. 22. ಆರು ನೂರರಲ್ಲಿ ಇನ್ನೂರು ಬದುಕಿದರೆ ನಾನೂರು ಸಾಯಲೇಬೇಕು. ಕೇಳಿದವರಿಗೆ ಅದು ಗೊತ್ತಿಲ್ಲದೆ ಇರಲಿಲ್ಲ. ಕೈಗೆ ಬರುವುದಕ್ಕಿಂತ ಕೈ ಬಿಟ್ಟುಹೋಗುವುದು ಮನಸ್ಸನ್ನು ಹೆಚ್ಚು ಅಲುಗಿಸುತ್ತದೆ ಎಂಬುದು ಇವರಿಬ್ಬರ ದೊಡ್ಡ ಕಾಣ್ಕೆ. ಇದಕ್ಕೆ ಕಾನ್‌ಮನ್‌ಗೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಟ್ವೆರ್ಸ್ಕಿ ಅಷ್ಟರಲ್ಲಿ ತೀರಿಕೊಂಡಿದ್ದರು.

ಈಗ ಕರ್ನಾಟಕಕ್ಕೆ ಬನ್ನಿ. ನಮ್ಮಲ್ಲಿ ಜನಕಲ್ಯಾಣ ಯೋಜನೆಗಳಿಗೆ ಬಹಳ ಕಾಲ ‘ಭಾಗ್ಯ’ ಎಂಬ ಬಾಲ ಇತ್ತು. ಬಿಜೆಪಿ-ಜೆಡಿಎಸ್ ಕೂಟದ ಕಾಲದ ಭಾಗ್ಯಲಕ್ಷ್ಮಿ, 2013ರ ಕಾಂಗ್ರೆಸ್ ಸರ್ಕಾರದ ಅನ್ನಭಾಗ್ಯ, ಕ್ಷೀರಭಾಗ್ಯ, ಶಾದಿಭಾಗ್ಯ. ಭಾಗ್ಯ ಎಂದರೆ ಮೇಲಿನಿಂದ ಬರುವಂಥದು. ಕೊಡುವವನು ದೊಡ್ಡವನು, ಪಡೆಯುವವನು ಪುಣ್ಯ ಮಾಡಿದವನು. ಪಡೆದವನು ಕೃತಜ್ಞನಾಗಿರಬೇಕು, ಕೇಳುವ ಹಕ್ಕು ಅವನಿಗಿಲ್ಲ. ಇಂಥ ಹೆಸರನ್ನು ಎದುರು ಪಕ್ಷದವರು ‘ಬಿಟ್ಟಿ ಭಾಗ್ಯ’ ಎಂದು ತಿರುಚುವುದು ಬಹಳ ಸುಲಭ, ತಿರುಚಿದರು ಕೂಡ.

2023ರ ವಿಧಾನಸಭಾ ಚುನಾವಣೆಗೆ ಕಾಂಗ್ರೆಸ್ ಆ ಪದ ಬಿಟ್ಟು ‘ಗ್ಯಾರಂಟಿ’ ಹಿಡಿಯಿತು. ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ, 200 ಯೂನಿಟ್‌ವರೆಗೆ ಉಚಿತ ವಿದ್ಯುತ್, ಹತ್ತು ಕಿಲೋ ಅಕ್ಕಿ, ಹೆಂಗಸರಿಗೆ ಬಸ್ಸಿನಲ್ಲಿ ಉಚಿತ ಪ್ರಯಾಣ, ನಿರುದ್ಯೋಗಿ ಪದವೀಧರರಿಗೆ 3,000, ಡಿಪ್ಲೊಮಾ ಓದಿದವರಿಗೆ 1,500. ವಿಷಯದಷ್ಟೇ ಮುಖ್ಯವಾದದ್ದು ಅದನ್ನು ತಲುಪಿಸಿದ ಬಗೆ. ಸಿದ್ದರಾಮಯ್ಯ ಮತ್ತು ಡಿ.ಕೆ. ಶಿವಕುಮಾರ್ ಸಹಿಯಿದ್ದ ಕಾರ್ಡು ಮನೆಮನೆಗೆ ಬಂತು. ಗ್ಯಾರಂಟಿ ಕಾರ್ಡು ಎಂದರೆ ನಮಗೆ ಏನು ನೆನಪಾಗುತ್ತದೆ? ಮಿಕ್ಸಿ, ಫ್ಯಾನು ತಂದಾಗ ಅಂಗಡಿಯ ಮೊಹರು ಹಾಕಿಸಿಕೊಂಡು ಬೀರುವಿನಲ್ಲಿ ರೇಷನ್ ಕಾರ್ಡಿನ ಪಕ್ಕ ಎತ್ತಿಡುವ ಚೀಟಿ. ಕೆಟ್ಟರೆ ಅದನ್ನು ಹಿಡಿದು ಅಂಗಡಿಗೆ ಹೋಗಿ ದಬಾಯಿಸಬಹುದು. ಭಾಗ್ಯ ಪಡೆದವಳು ಫಲಾನುಭವಿ. ಗ್ಯಾರಂಟಿ ಕಾರ್ಡು ಹಿಡಿದವಳು ಗಿರಾಕಿ. ಅದೇ ಅಕ್ಕಿ, ಹೆಸರು ಬದಲಾದ್ದರಿಂದ ಅವಳು ಕೂತ ಜಾಗ ಬದಲಾಯಿತು.

ಪದ ಎಷ್ಟು ಫಲ ಕೊಟ್ಟಿತೆಂದರೆ, 2022ರ ಜುಲೈನಲ್ಲಿ ಇಂಥ ಕೊಡುಗೆಗಳನ್ನು ‘ರೇವಡಿ’ ಎಂದು ಹೀಗಳೆದಿದ್ದ ಪ್ರಧಾನಿಯ ಪಕ್ಷವೇ 2023ರ ಕೊನೆಗೆ, 2024ರ ಲೋಕಸಭಾ ಚುನಾವಣೆಗೆ ‘ಮೋದಿ ಗ್ಯಾರಂಟಿ’ ಎಂದು ಸಾರಿತು. ಎದುರಾಳಿ ನಮ್ಮ ಪದ ಎರವಲು ಪಡೆದ ದಿನ ನಾವು ಅರ್ಧ ಗೆದ್ದಂತೆ ಎಂದು ಪ್ರಚಾರದ ಕಸುಬಿನವರು ಹೇಳುತ್ತಾರೆ. ಇನ್ನೊಂದು ಪರಿಣಾಮವೂ ಗಮನಿಸತಕ್ಕದ್ದು. ಕೊಡುವ ಮುಂಚೆ ಇವನ್ನು ಟೀಕಿಸುವುದು ಸುಲಭವಿತ್ತು. ಕೊಟ್ಟು ಆರು ತಿಂಗಳಾದ ಮೇಲೆ ‘ನಾವು ಬಂದರೆ ನಿಲ್ಲಿಸುತ್ತೇವೆ’ ಎಂದು ವೇದಿಕೆಯ ಮೇಲೆ ಹೇಳುವ ಧೈರ್ಯ ಯಾರಿಗೂ ಬಾರದು, ಏಕೆಂದರೆ ಅದೀಗ ಹೆಣ್ಣುಮಗಳ ಕೈಯಿಂದ ಕಿತ್ತುಕೊಳ್ಳುವ ಮಾತಾಗುತ್ತದೆ.

ಹಾಳೆಲೆಕ್ಕವೂ ನಿಷ್ಪಕ್ಷಪಾತಿ ಅಲ್ಲ ಎನ್ನುವುದಕ್ಕೆ ಇದೇ ಉದಾಹರಣೆ ಸಾಕು. 2024-25ರ ಬಜೆಟ್ಟಿನಲ್ಲಿ ಗ್ಯಾರಂಟಿಗಳಿಗೆ ಇಟ್ಟದ್ದು ಸುಮಾರು 52 ಸಾವಿರ ಕೋಟಿ. ವಿರೋಧಿಸುವವರು ಈ ಸಂಖ್ಯೆಯನ್ನು ಹೀಗೇ ಹೇಳುತ್ತಾರೆ. ಕೋಟಿ ಎಂಬ ಪದವೇ ಎದೆ ನಡುಗಿಸುತ್ತದೆ. ಬಜೆಟ್ಟಿನ ಒಟ್ಟು ಗಾತ್ರ 3.71 ಲಕ್ಷ ಕೋಟಿ, ಹಾಗಾಗಿ ನೂರಕ್ಕೆ ಹದಿನಾಲ್ಕು ಎಂದು ಇನ್ನೊಬ್ಬರು ಹೇಳಬಹುದು. ಬೆಂಬಲಿಸುವವರು ರಾಜ್ಯದ ಜನಸಂಖ್ಯೆಯನ್ನು ಏಳು ಕೋಟಿ ಎಂದು ಹಿಡಿದು ತಲೆಗೆ ದಿನಕ್ಕೆ 20 ರೂಪಾಯಿ, ಒಂದು ಕಾಫಿ ದುಡ್ಡು ಎನ್ನಬಹುದು. ಮೂರೂ ಸರಿ. ಯಾವ ಛೇದದಿಂದ ಭಾಗಿಸುತ್ತಾರೆ ಎಂಬುದನ್ನು ನೋಡಿದರೆ ಮಾತಾಡುವವರು ನಿಮ್ಮನ್ನು ಎಲ್ಲಿಗೆ ಕರೆದೊಯ್ಯುತ್ತಿದ್ದಾರೆ ಎಂದು ಗೊತ್ತಾಗುತ್ತದೆ.

ಅದೇ ಚುನಾವಣೆಯ ಇನ್ನೊಂದು ಸಂಖ್ಯೆ ‘40 ಪರ್ಸೆಂಟ್’. ಗುತ್ತಿಗೆದಾರರ ಸಂಘ 2021ರಲ್ಲಿ ಪ್ರಧಾನಿಗೆ ಬರೆದ ಪತ್ರದಲ್ಲಿದ್ದ ಕಮಿಷನ್ ಆರೋಪ ಅದು. ಆರೋಪ ಆರೋಪವಾಗಿಯೇ ಇದ್ದಾಗ, 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಗೋಡೆಗಳ ಮೇಲೆ ಅಂದಿನ ಮುಖ್ಯಮಂತ್ರಿಯ ಚಿತ್ರವಿದ್ದ ‘ಪೇಸಿಎಂ’ ಕ್ಯೂಆರ್ ಕೋಡ್ ಬಂತು. ತರಕಾರಿ ಗಾಡಿಯ ಮುಂದೆ, ಎಳನೀರಿನವನ ಮುಂದೆ ದಿನಕ್ಕೆ ನಾಲ್ಕು ಸಲ ಫೋನು ಎತ್ತುವ ಕೈಯ ಅಭ್ಯಾಸಕ್ಕೇ ರಾಜಕೀಯ ಅಂಟಿಕೊಂಡಿತು. ನಲವತ್ತು ಹೇಗೆ ಬಂತು, ಯಾವ ಕಾಮಗಾರಿ, ಯಾವ ಇಲಾಖೆ ಎಂದು ಕೇಳಿದವರು ಕಡಿಮೆ. ಅದು ಹಾಳೆಯ ಸಂಖ್ಯೆಯ ವೇಷದಲ್ಲಿದ್ದ ಬಾಯಿಲೆಕ್ಕ.

ಬಾಯಿಲೆಕ್ಕದ ಉಳಿದ ಚಾಳಿಗಳನ್ನು ಬೇಗ ಹೇಳಿಬಿಡುತ್ತೇನೆ. ಮತ್ತೆ ಮತ್ತೆ ಕೇಳಿದ ಮಾತು ನಿಜವೆನ್ನಿಸುತ್ತದೆ. 1977ರಲ್ಲಿ ಅಮೆರಿಕದ ಮೂವರು ಸಂಶೋಧಕರು ಇದನ್ನು ಮೊದಲು ಅಳೆದರು, ಆಮೇಲೆ ಹಲವರು ಮತ್ತೆ ಅಳೆದು ಸರಿಯೆಂದರು. ಸರಿಯುತ್ತರ ಗೊತ್ತಿರುವವರ ಮೇಲೂ ಇದು ಕೆಲಸ ಮಾಡುತ್ತದೆ. ಇನ್ನು ಮುಖ: ಅಲೆಕ್ಸಾಂಡರ್ ಟೊಡೊರೊವ್ ಮತ್ತು ಸಂಗಡಿಗರು 2005ರಲ್ಲಿ ಅಮೆರಿಕದ ಅಭ್ಯರ್ಥಿಗಳ ಜೋಡಿ ಚಿತ್ರಗಳನ್ನು ಒಂದು ಸೆಕೆಂಡು ತೋರಿಸಿ ಯಾರು ಹೆಚ್ಚು ಸಮರ್ಥರಾಗಿ ಕಾಣುತ್ತಾರೆ ಎಂದು ಕೇಳಿದರು. ಹಾಗೆ ಕಂಡವರೇ ಸುಮಾರು ಶೇ. 70 ಸ್ಪರ್ಧೆಗಳಲ್ಲಿ ಗೆದ್ದಿದ್ದರು. ಫ್ಲೆಕ್ಸ್ ಬೋರ್ಡಿನಲ್ಲಿ ನಾಯಕರ ಕೆನ್ನೆಯನ್ನು ಅಷ್ಟು ನುಣುಪು ಮಾಡುವವರಿಗೆ ಸಂಶೋಧನೆ ಓದುವ ಅಗತ್ಯವೇ ಬಿದ್ದಿಲ್ಲ.

ಮೂರೇ ಕಾಲಿನ ಮೊಲ

ಇಷ್ಟು ಕೇಳಿದವರು ಸಾಮಾನ್ಯವಾಗಿ ಒಂದು ಪರಿಹಾರ ಹೇಳುತ್ತಾರೆ. ಜನರಿಗೆ ವಿದ್ಯೆ ಕೊಡಿ, ಅಂಕಿ ಅಂಶ ಕೊಡಿ, ನಿಧಾನವಾಗಿ ಯೋಚಿಸಲು ಕಲಿಸಿ. ನಾನೂ ಹೀಗೇ ನಂಬಿದ್ದೆ. ಮೂರನೆಯ ಲೆಕ್ಕ ಈ ನಂಬಿಕೆಯನ್ನು ಹಾಳುಮಾಡುತ್ತದೆ.

ಯೇಲ್ ವಿಶ್ವವಿದ್ಯಾಲಯದ ಡಾನ್ ಕಹಾನ್ ಮತ್ತು ಸಂಗಡಿಗರು ಸುಮಾರು 1,100 ಅಮೆರಿಕನ್ನರಿಗೆ ಒಂದು ಪುಟ್ಟ ಕೋಷ್ಟಕ ಕೊಟ್ಟರು. ಕೆಲವರಿಗೆ ಅದು ಚರ್ಮದ ಮುಲಾಮಿನ ಪ್ರಯೋಗ: ಹಚ್ಚಿಕೊಂಡವರಲ್ಲಿ ಎಷ್ಟು ಜನಕ್ಕೆ ವಾಸಿ, ಎಷ್ಟು ಜನಕ್ಕೆ ಉಲ್ಬಣ. ಮೇಲ್ನೋಟಕ್ಕೆ ಒಂದು ಉತ್ತರ, ಪ್ರಮಾಣ ತೆಗೆದರೆ ಇನ್ನೊಂದು. ಗಣಿತ ಚೆನ್ನಾಗಿ ಬರುವವರು ನಿರೀಕ್ಷೆಯಂತೆ ಸರಿಯಾಗಿ ಬಿಡಿಸಿದರು. ಇನ್ನು ಕೆಲವರಿಗೆ ಅವೇ ಸಂಖ್ಯೆಗಳಿಗೆ ಬಂದೂಕು ನಿಷೇಧ ಮತ್ತು ಅಪರಾಧ ಎಂಬ ಹಣೆಪಟ್ಟಿ ಅಂಟಿಸಿ ಕೊಟ್ಟರು. ಈಗ ಉತ್ತರ ತಮ್ಮ ಪಕ್ಷಕ್ಕೆ ಒಪ್ಪುವಂತಿದ್ದರೆ ಮಾತ್ರ ಅವರಿಗೆ ಪ್ರಮಾಣ ತೆಗೆಯುವುದು ನೆನಪಾಯಿತು. ಒಪ್ಪದಿದ್ದರೆ ಮೇಲ್ನೋಟದ ಉತ್ತರಕ್ಕೇ ಜೋತುಬಿದ್ದರು. ಗಣಿತ ಹೆಚ್ಚು ಬಂದಷ್ಟೂ ಎರಡು ಪಕ್ಷಗಳ ನಡುವಣ ಅಂತರ ಹೆಚ್ಚಿತು. ಈ ಕೊನೆಯ ಭಾಗ ನಂತರದ ಎಲ್ಲ ಪುನರಾವರ್ತನೆಗಳಲ್ಲೂ ಅಷ್ಟು ಚೊಕ್ಕವಾಗಿ ಕಂಡುಬಂದಿಲ್ಲ ಎಂಬುದನ್ನೂ ಹೇಳಬೇಕು. ಆದರೆ ಜಾಣತನವೊಂದೇ ಪಕ್ಷಪಾತಕ್ಕೆ ಮದ್ದು ಎಂದು ನಂಬಿ ಕೂರುವಂತೆಯೂ ಇಲ್ಲ.

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬ ಗಾದೆಯಲ್ಲಿ ಹಠವಿದೆ, ಓದು ಇಲ್ಲ. ಓದಿದವನು ಹಿಡಿದಾಗ ಮೊಲದ ನಾಲ್ಕನೆಯ ಕಾಲು ಯಾಕೆ ಲೆಕ್ಕಕ್ಕೆ ಬರುವುದಿಲ್ಲ ಎಂಬುದಕ್ಕೆ ಅಡಿಟಿಪ್ಪಣಿಯೂ ಜೊತೆಗಿರುತ್ತದೆ.

ಪ್ರಚಾರಕರು ಈ ಮೂರನೆಯ ಲೆಕ್ಕವನ್ನು ಎಬ್ಬಿಸುವುದು ಹೇಗೆ? ನಾಯಕನಿಗೆ ಬಿದ್ದ ಏಟು ಬೆಂಬಲಿಗನ ಬೆನ್ನಿಗೆ ತಗಲುವಂತೆ ಮಾಡುವ ಮೂಲಕ. 2014ರ ಜನವರಿಯಲ್ಲಿ ಕಾಂಗ್ರೆಸ್ಸಿನ ಒಬ್ಬ ಹಿರಿಯರು ಎದುರಾಳಿ ಮೋದಿಯವರ ಚಹಾ ಮಾರಾಟದ ಹಿನ್ನೆಲೆಯನ್ನು ಅಣಕಿಸಿದರು. ಮುಂದಿನ ತಿಂಗಳೇ ಬಿಜೆಪಿ ‘ಚಾಯ್ ಪೆ ಚರ್ಚಾ’ ಶುರುಮಾಡಿತು. ಅಣಕ ಒಬ್ಬನದಾಗಿ ಉಳಿಯದೆ ಗಾಡಿ ತಳ್ಳುವವರೆಲ್ಲರದ್ದಾಯಿತು. 2019ರಲ್ಲಿ ರಫೇಲ್ ವಿಮಾನ ಖರೀದಿಯನ್ನು ಹಿಡಿದು ‘ಚೌಕಿದಾರ್ ಚೋರ್ ಹೈ’ (ಕಾವಲುಗಾರನೇ ಕಳ್ಳ) ಎಂದು ಎದುರು ಪಕ್ಷ ಕೂಗಿದಾಗ ಬೆಂಬಲಿಗರು ಟ್ವಿಟರಿನಲ್ಲಿ ತಮ್ಮ ಹೆಸರಿಗೇ ಚೌಕಿದಾರ್ ಎಂದು ಸೇರಿಸಿಕೊಂಡರು. ಆ ಮೇಲೆ ರಫೇಲ್ ವಿಮಾನದ ದರ, ಒಪ್ಪಂದದ ಷರತ್ತು ಯಾವುದನ್ನು ಚರ್ಚಿಸಿದರೂ ಅದು ‘ನನ್ನನ್ನು ಕಳ್ಳ ಎನ್ನುತ್ತಿದ್ದಾರೆ’ ಎಂದೇ ಕೇಳಿಸುತ್ತದೆ. ಆರೋಪ ಮಾಡಿದವರು ಹಾಳೆಯನ್ನು ಮುಂದಿಟ್ಟರು, ಉತ್ತರ ಕೊಟ್ಟವರು ಹೆಸರನ್ನು ಮುಂದಿಟ್ಟರು. ತಂತ್ರವಾಗಿ ನೋಡಿದರೆ ಅದು ಬಲು ಚುರುಕಾದದ್ದು. ನನಗೆ ಇಷ್ಟವಾಯಿತೋ ಇಲ್ಲವೋ ಬೇರೆ ಮಾತು.

‘ನಮ್ಮವರು’ ಎಂಬ ಗೆರೆ ಕಲ್ಲಿನ ಮೇಲೆ ಕೊರೆದದ್ದೇನೂ ಅಲ್ಲ. ಪಶ್ಚಿಮ ಬಂಗಾಳದ ಬೀರ್‌ಭೂಮ್ ಜಿಲ್ಲೆಯಲ್ಲಿ ನಡೆದ, 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹಳ್ಳಿಗರಿಗೆ ಪಂಚಾಯಿತಿ ಮುಖ್ಯಸ್ಥರ, ಅಂದರೆ ಪ್ರಧಾನರ, ಒಂದೇ ಭಾಷಣವನ್ನು ಕೆಲವರಿಗೆ ಗಂಡಿನ ಧ್ವನಿಯಲ್ಲಿ, ಕೆಲವರಿಗೆ ಹೆಣ್ಣಿನ ಧ್ವನಿಯಲ್ಲಿ ಕೇಳಿಸಿದರು. ಪ್ರಧಾನ ಸ್ಥಾನ ಎಂದೂ ಮಹಿಳೆಗೆ ಮೀಸಲಾಗದಿದ್ದ ಊರಿನ ಗಂಡಸರು ಹೆಣ್ಣಿನ ಧ್ವನಿಗೆ ಕಡಿಮೆ ಅಂಕ ಕೊಟ್ಟರು. ಮಹಿಳಾ ಪ್ರಧಾನರನ್ನು ಕಂಡಿದ್ದ ಊರುಗಳಲ್ಲಿ ಆ ಕೊರತೆ ಬಹುಮಟ್ಟಿಗೆ ಮಾಯವಾಗಿತ್ತು. ಯಾರೂ ಅಲ್ಲಿ ಸಮಾನತೆಯ ಉಪನ್ಯಾಸ ಕೊಟ್ಟಿರಲಿಲ್ಲ. ಕುರ್ಚಿಯಲ್ಲಿ ಒಬ್ಬ ಹೆಂಗಸು ಕೂತು ಕೆಲಸ ಮಾಡಿದ್ದಳು.

ಅಲುಗಿದ್ದು ಎಷ್ಟು?

ಇಷ್ಟೆಲ್ಲ ತಂತ್ರ ನಡೆದರೂ ಮನಸ್ಸು ಬದಲಾಗುವುದು ನಾವು ಅಂದುಕೊಂಡಷ್ಟಿಲ್ಲ. 2023ರ ಕರ್ನಾಟಕವನ್ನೇ ನೋಡಿ. ಪೇಸಿಎಂ, ಐದು ಗ್ಯಾರಂಟಿ, ಕೊನೆಯ ವಾರದ ಬಜರಂಗಬಲಿ ಘೋಷಣೆ ಎಲ್ಲ ಮುಗಿದು ಎಣಿಕೆಯಾದಾಗ ಬಿಜೆಪಿಯ ಸ್ಥಾನ 2018ರ 104ರಿಂದ 66ಕ್ಕೆ ಕುಸಿದಿತ್ತು. ಆದರೆ ಅದರ ಮತಪ್ರಮಾಣ? ಎರಡೂ ಸಲ ಸುಮಾರು ಶೇ. 36. ಕಾಂಗ್ರೆಸ್ಸಿನದು 38ರಿಂದ 43ಕ್ಕೆ ಏರಿತು, ಜೆಡಿಎಸ್‌ನದು 18ರಿಂದ 13ಕ್ಕೆ ಇಳಿಯಿತು. ನೂರರಲ್ಲಿ ಐದು ಮತದ ಸರಿದಾಟಕ್ಕೆ ಕಾಂಗ್ರೆಸ್ 135 ಸ್ಥಾನ ಗೆದ್ದಿತು. ಒಟ್ಟು ಪ್ರಮಾಣ ನೋಡಿ ಯಾವ ಮತದಾರ ಎಲ್ಲಿಂದ ಎಲ್ಲಿಗೆ ಹೋದ ಎಂದು ಹೇಳಲಾಗದು, ಒಳಗೊಳಗೆ ಅದಲುಬದಲು ನಡೆದಿರುತ್ತದೆ. ಆದರೂ ದಿನವಿಡೀ ಟಿವಿಯಲ್ಲಿ ಕೂಗಾಡಿದ್ದಕ್ಕೆ ಹೋಲಿಸಿದರೆ ಅಲುಗಿದ್ದು ಅಂಚು ಮಾತ್ರ.

ಅಮೆರಿಕದಲ್ಲಿ ಜೋಶುವಾ ಕಲ್ಲಾ ಮತ್ತು ಡೇವಿಡ್ ಬ್ರೂಕ್‌ಮನ್ 49 ಕ್ಷೇತ್ರ ಪ್ರಯೋಗಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ನಿರ್ದಯವಾಗಿದೆ. ಸಾರ್ವತ್ರಿಕ ಚುನಾವಣೆಯಲ್ಲಿ ಮನೆ ಬಾಗಿಲಿಗೆ ಬರುವ ಕಾರ್ಯಕರ್ತರು, ಅಂಚೆಯ ಕರಪತ್ರ, ಫೋನು, ಜಾಹೀರಾತು ಇವೆಲ್ಲ ಯಾರಿಗೆ ಮತ ಎಂಬ ತೀರ್ಮಾನವನ್ನು ಬದಲಿಸುವ ಪ್ರಮಾಣ ಸರಾಸರಿ ಸೊನ್ನೆ ಎಂದು ಅವರು ಕಂಡುಕೊಂಡರು. ಹಾಗಾದರೆ ಪಕ್ಷಗಳು ಕೋಟಿಗಟ್ಟಲೆ ಸುರಿಯುವುದೇಕೆ? ತಮ್ಮವರನ್ನು ಮನೆಯಿಂದ ಎಬ್ಬಿಸಿ ಬೂತಿಗೆ ತರಲು. ಎದುರಾಳಿಯೂ ಸುರಿಯುತ್ತಾನೆಂಬ ಭಯಕ್ಕೆ.

ಹತ್ತು ನಿಮಿಷದ ಮಾತು

ಕೆಲಸ ಮಾಡಿದ ಒಂದೆರಡು ಉಪಾಯಗಳು ಇವೆ. ಅವುಗಳಲ್ಲಿ ಒಂದರ ಹಿಂದೆ ಪತ್ತೇದಾರಿ ಕಥೆಯಿದೆ. 2014ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ, ಮನೆ ಬಾಗಿಲಲ್ಲಿ ನಡೆಸಿದ ಒಂದು ಸಂಭಾಷಣೆ ಸಲಿಂಗ ವಿವಾಹದ ಬಗ್ಗೆ ಜನರ ನಿಲುವನ್ನು ಬಹುಕಾಲ ಬದಲಿಸಿತು ಎಂಬ ಲೇಖನ ಬಂತು. ಮೇಲೆ ಹೇಳಿದ ಕಲ್ಲಾ, ಬ್ರೂಕ್‌ಮನ್ ಅದನ್ನೇ ಮಾದರಿಯಾಗಿಟ್ಟುಕೊಂಡು ತಮ್ಮ ಪ್ರಯೋಗಕ್ಕೆ ಇಳಿದಾಗ ಆ ಮೂಲ ದತ್ತಾಂಶವೇ ಕಪೋಲಕಲ್ಪಿತ ಎಂಬುದು ಅವರ ಕಣ್ಣಿಗೆ ಬಿತ್ತು. 2015ರಲ್ಲಿ ಲೇಖನ ವಾಪಸಾಯಿತು. ಅಲ್ಲಿಗೆ ಆ ವಿಧಾನ ಸತ್ತಿತು ಎಂದೇ ಎಲ್ಲರೂ ಅಂದುಕೊಂಡರು. ಮರುವರ್ಷ ಅದೇ ಪತ್ರಿಕೆಯಲ್ಲಿ ಅವರಿಬ್ಬರ ನಿಜವಾದ ಫಲಿತಾಂಶ ಬಂತು: ಮಯಾಮಿಯಲ್ಲಿ 501 ಮತದಾರರ ಮೇಲೆ ನಡೆದ ಪ್ರಯೋಗ, ಸುಮಾರು ಹತ್ತು ನಿಮಿಷದ ಮಾತು. ಲಿಂಗಪರಿವರ್ತಿತರ ಬಗ್ಗೆ ಇದ್ದ ಅಸಹನೆ ಕಡಿಮೆಯಾಯಿತು, ಆ ಬದಲಾವಣೆ ಮೂರು ತಿಂಗಳಾದರೂ ಉಳಿದಿತ್ತು. ವಿಧಾನದಲ್ಲಿ ಸತ್ವವಿತ್ತು.

ಆ ಹತ್ತು ನಿಮಿಷದಲ್ಲಿ ಏನು ನಡೆಯುತ್ತದೆ? ಬಂದವನು ವಾದಿಸುವುದಿಲ್ಲ, ಅಂಕಿ ಅಂಶ ಹೇಳುವುದಿಲ್ಲ. ನಿಮ್ಮನ್ನು ಯಾರಾದರೂ ಬೇರೆಯವರೆಂದು ಕಂಡು ತಾತ್ಸಾರ ಮಾಡಿದ ಪ್ರಸಂಗ ಉಂಟೇ ಎಂದು ಕೇಳಿ ಸುಮ್ಮನಾಗುತ್ತಾನೆ. ಮನೆಯವರು ತಮ್ಮ ನೆನಪು ಹೇಳುತ್ತಾರೆ, ಹೇಳುತ್ತ ಹೇಳುತ್ತ ‘ನಮ್ಮವರು’ ಎಂಬ ಗೆರೆಯನ್ನು ಅವರೇ ಸ್ವಲ್ಪ ಆಚೆ ಎಳೆಯುತ್ತಾರೆ. ಇದು ನಿಧಾನದ ಕೆಲಸ, ಲೌಡ್‌ಸ್ಪೀಕರಿನಲ್ಲಿ ಆಗದು. ಪಕ್ಷಗಳಿಗೆ ಇದರಲ್ಲಿ ಆಸಕ್ತಿ ಇಲ್ಲದಿರುವುದು ಸಹಜ.

ನಮ್ಮ ದೇಶದಲ್ಲಿ ಇನ್ನೊಂದು. 2007ರ ಉತ್ತರ ಪ್ರದೇಶ ಚುನಾವಣೆಗೆ ಮುಂಚೆ ಕೆಲವು ಹಳ್ಳಿಗಳಲ್ಲಿ ಬೀದಿನಾಟಕ, ಗೊಂಬೆಯಾಟ, ಕ್ಯಾಲೆಂಡರ್ ಮೂಲಕ ಜಾತಿ ನೋಡಬೇಡಿ, ಅಭಿವೃದ್ಧಿ ನೋಡಿ ಎಂದಷ್ಟೇ ಹೇಳಿಸಿದರು. ತಮ್ಮ ಜಾತಿಯ ಪಕ್ಷಕ್ಕೇ ಮತ ಹಾಕುವವರ ಪ್ರಮಾಣ ಶೇ. 25ರಿಂದ 18ಕ್ಕೆ ಇಳಿಯಿತು ಎಂದು ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಬರೆದಿದ್ದಾರೆ. ಜಾತಿಯ ಮತ ಎಂದು ನಾವು ಬಂಡೆಯಂತೆ ಭಾವಿಸಿದ್ದರಲ್ಲಿ ಒಂದು ಭಾಗ ಬರೀ ಬೇರೆ ಮಾಹಿತಿ ಇಲ್ಲದ್ದರಿಂದ ಮಾಡಿದ ಬಾಯಿಲೆಕ್ಕ ಎಂದು ನಾನು ಇದನ್ನು ಓದಿಕೊಳ್ಳುತ್ತೇನೆ.

ಸುಳ್ಳು ಸುದ್ದಿಯ ವಿಷಯದಲ್ಲಿ ಬಿಹಾರದ ಎರಡು ಪ್ರಯೋಗಗಳನ್ನು ಪಕ್ಕಪಕ್ಕ ಇಡಬೇಕು. 2019ರ ಚುನಾವಣೆ ಹೊತ್ತಿಗೆ ಸುಮಿತ್ರಾ ಬದ್ರಿನಾಥನ್ 1,224 ಮನೆಗಳಲ್ಲಿ ನಡೆಸಿದ ಪ್ರಯೋಗದಲ್ಲಿ ಒಂದು ಗಂಟೆ ಕೂತು ಸುಳ್ಳು ಸುದ್ದಿ ಗುರುತಿಸುವುದನ್ನು ಹೇಳಿಕೊಟ್ಟರು. ಒಟ್ಟಾರೆ ಏನೂ ಆಗಲಿಲ್ಲ. ಆಳುವ ಪಕ್ಷದ ಬೆಂಬಲಿಗರಂತೂ ತಮ್ಮ ಪಕ್ಷಕ್ಕೆ ಹಿತವಾದ ಸುಳ್ಳನ್ನು ಗುರುತಿಸುವುದರಲ್ಲಿ ಮೊದಲಿಗಿಂತ ಹಿಂದೆ ಬಿದ್ದರು. ಕೆಲವು ವರ್ಷಗಳ ನಂತರ ಅದೇ ರಾಜ್ಯದಲ್ಲಿ 13 ಸಾವಿರಕ್ಕೂ ಹೆಚ್ಚು ಹದಿಹರೆಯದವರನ್ನು ಒಳಗೊಂಡ, ತಿಂಗಳುಗಟ್ಟಲೆ ತರಗತಿಯಾಗಿ ನಡೆದ ಕಾರ್ಯಕ್ರಮ ಫಲ ಕೊಟ್ಟಿತು; ಕಲಿತ ಮಕ್ಕಳಿಂದ ಅದು ಅವರ ಹೆತ್ತವರಿಗೂ ಅಷ್ಟಿಷ್ಟು ದಾಟಿತು. ಒಂದು ಗಂಟೆಗೂ ಕೆಲವು ತಿಂಗಳಿಗೂ ಇರುವ ವ್ಯತ್ಯಾಸ ಅದು. ಹದಿನಾರರ ವಯಸ್ಸಿನಲ್ಲಿ ನಮ್ಮವರ ಲೆಕ್ಕ ಇನ್ನೂ ಗಟ್ಟಿಯಾಗಿರುವುದಿಲ್ಲ ಎಂಬುದೂ ಕಾರಣವಿರಬಹುದು.

ಓದುಗರು ತಮ್ಮ ಮಟ್ಟಿಗೆ ಮಾಡಬಹುದಾದ್ದು ಎರಡಿದೆ. ಮೊದಲನೆಯದು, ಬಾಗಿಲಿಗೆ ಬಂದ ಕಾರ್ಯಕರ್ತನನ್ನು ‘ಯಾಕೆ’ ಎಂದು ಕೇಳುವ ಬದಲು ‘ಹೇಗೆ’ ಎಂದು ಕೇಳುವುದು. ಯಾಕೆ ಎಂದರೆ ಕಂಠಪಾಠದ ಕಾರಣಗಳು ಸುರಿಯುತ್ತವೆ. ಹೇಗೆ, ಯಾವ ಇಲಾಖೆಯಿಂದ, ಯಾವ ದುಡ್ಡಿನಲ್ಲಿ, ಮೊದಲು ಏನು ಆಮೇಲೆ ಏನು ಎಂದು ಕೇಳಿದರೆ ಮಾತು ತಡವರಿಸುತ್ತದೆ. ಫಿಲಿಪ್ ಫರ್ನ್‌ಬಾಕ್ ಮತ್ತು ಸಂಗಡಿಗರು 2013ರಲ್ಲಿ ಇದನ್ನು ಪರೀಕ್ಷಿಸಿದಾಗ, ಒಂದು ನೀತಿ ಹೇಗೆ ಕೆಲಸ ಮಾಡುತ್ತದೆ ಎಂದು ವಿವರಿಸಲು ಹೊರಟವರ ನಿಲುವು ಕೊಂಚ ಮೆತ್ತಗಾಯಿತು, ಕಾರಣ ಕೊಡಲು ಹೇಳಿದವರದು ಆಗಲಿಲ್ಲ. ಈ ಪ್ರಶ್ನೆಯನ್ನು ಕಾರ್ಯಕರ್ತನಿಗಿಂತ ಮೊದಲು ತಮಗೇ ಕೇಳಿಕೊಂಡರೆ ಇನ್ನೂ ಒಳ್ಳೆಯದು.

ಎರಡನೆಯದಕ್ಕೆ ಒಂದು ಹಾಳೆ ಬೇಕು. ನಿಮ್ಮ ಪಕ್ಷದ ಬಗ್ಗೆ ಯಾವ ಒಂದು ಸಂಗತಿ ನಿಜವೆಂದು ಗೊತ್ತಾದರೆ ಮುಂದಿನ ಸಲ ನೀವು ಅದಕ್ಕೆ ಮತ ಹಾಕುವುದಿಲ್ಲ ಎಂದು ಬರೆದು, ತಾರೀಕು ಹಾಕಿ, ಮಡಚಿ ಎತ್ತಿಡಿ. ಚುನಾವಣೆಗೆ ಬಹಳ ಮುಂಚೆಯೇ ಬರೆಯಬೇಕು, ಪ್ರಚಾರ ಶುರುವಾದ ಮೇಲೆ ಬರೆದರೆ ಪ್ರಯೋಜನವಿಲ್ಲ. ನಾನು ಬರೆದದ್ದು ಎರಡು ಸಾಲು. ಅದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಸೋದರಮಾವನಿಗೂ ಒಂದು ಹಾಳೆ ಕೊಟ್ಟು ಬಂದಿದ್ದೇನೆ. ಅದರ ಬೆನ್ನ ಮೇಲೆ ಅವರು ಅಡಿಕೆ ಲೆಕ್ಕ ಬರೆದಿದ್ದಾರೆ.